ಫ್ರಿಜ್ಜಿನೊಳಗೆ ನಮ್ಮ ಬೀದಿ

ಸ್ವಲ್ಪ ಹತ್ತಿರ ಬನ್ನಿ. ಬಾಗಿಲು ಮುಂದಕ್ಕೆ ಮಾಡಿ. ಪೂರ್ತಿ ಹಾಕಬೇಡಿ, ಪೂರ್ತಿ ಹಾಕಿದರೆ ಈ ಬೀದಿಯೋರಿಗೆ ಅನುಮಾನ ಬರುತ್ತೆ. ನಾನು ಹೇಳೋದು ನಿಮ್ಮಲ್ಲೇ ಇರಬೇಕು. ನಿಮ್ಮ ಯಜಮಾನ್ರಿಗೂ ಬೇಡ, ತವರಿಗೆ ಫೋನ್ ಮಾಡಿದಾಗಲೂ ಬೇಡ. ಆಯ್ತಾ?

ಶಿಕಾರಿಪುರದಲ್ಲಿ ಬೇರೆ ಬೀದಿಗಳೂ ಇದಾವೆ. ಅಲ್ಲಿ ಜನ ಹುಟ್ಟುತ್ತಾರೆ, ಮದುವೆ ಆಗ್ತಾರೆ, ಸಾಯ್ತಾರೆ, ಅಷ್ಟೇ. ನಮ್ಮ ಬೀದಿಯಲ್ಲಿ ಮಾತ್ರ ಇಂಥದ್ದೆಲ್ಲ ಆಗ್ತಾನೇ ಇರುತ್ತೆ. ನಾನು ಹುಡುಕಿಕೊಂಡು ಹೋಗೋಳಲ್ಲ. ನಮ್ಮ ಜಗಲಿ ಇರೋ ಜಾಗ ಹಂಗಿದೆ, ನಮ್ಮ ಅಡುಗೆಮನೆ ಗೋಡೆ ಅಷ್ಟು ತೆಳ್ಳಗಿದೆ. ನಾನೇನು ಮಾಡಲಿ?

ರೋಗಿಗಳೇ ಬಾರದ ಡಾಕ್ಟರಮ್ಮ

ನಮ್ಮ ಗೋಡೆಗೆ ಅಂಟಿಕೊಂಡ ಮನೆ ಅಕ್ಕಿ ಗಿರಣಿ ಸಾಹುಕಾರ್ರದ್ದು. ಗಂಡ ಹೆಂಡತಿ ಮಹಡಿ ಮೇಲೆ ಇರ್ತಾರೆ, ಕೆಳಗಿನ ಭಾಗ ಬಾಡಿಗೆಗೆ. ಅಲ್ಲಿಗೆ ಒಬ್ಬ ಡಾಕ್ಟರಮ್ಮ ಬಂದರು. ತಲೆ ಅರ್ಧ ಬೆಳ್ಳಗೆ, ಬಣ್ಣ ಹಚ್ಚಲ್ಲ. ಜೊತೆಗೆ ಇಬ್ಬರು ಶಿಷ್ಯರು. ಒಬ್ಬ ಮೈಸೂರು ಕಡೆಯ ಉದ್ದನೆ ಹುಡುಗ, ಇನ್ನೊಬ್ಬಳು ನಮ್ಮ ಸೊರಬದ ಕುಪ್ಪಗಡ್ಡೆ ಹುಡುಗಿ. ಇಬ್ಬರೂ ಡಾಕ್ಟರಿಕೆ ಓದಿದೋರೇ. ಅಷ್ಟು ಸಾಲದು ಅಂತ ಸಂಶೋಧನೆಯನ್ನೂ ಈಯಮ್ಮನ ಹತ್ತಿರ ಕಲೀತಾರಂತೆ.

ಡಾಕ್ಟರು ಪಕ್ಕದಲ್ಲೇ ಬಂದ ಮೇಲೆ ಸುಮ್ಮನೆ ಕೂರೋದು ಹೆಂಗೆ? ಮೊದಲನೇ ದಿನವೇ ಹೋದೆ.

"ಮೇಡಮ್ಮಾ, ಮಂಡಿ ನೋವು."

"ನಾನು ಔಷಧಿ ಕೊಡೋ ಡಾಕ್ಟರಲ್ಲ ಅಜ್ಜಿ. ಕರುಳು ಹೆಂಗೆ ಕೆಲಸ ಮಾಡುತ್ತೆ ಅಂತ ನೋಡೋಳು."

"ಯಾರ ಕರುಳು?"

"ಎಲ್ಲರದ್ದೂ."

"ಕೆಟ್ಟಿದ್ದರೆ ರಿಪೇರಿ ಮಾಡ್ತೀರಾ?"

"ಅದು ಆಮೇಲೆ. ಸರಿಯಾಗಿರೋದು ಹೆಂಗೆ ಸರಿಯಾಗಿದೆ ಅಂತ ಮೊದಲು ತಿಳ್ಕೋಬೇಕು."

ನಾನು ಮೂರನೇ ಕ್ಲಾಸಿಗೇ ಪಾಟಿ ಒಡೆದುಕೊಂಡು ಮನೆಗೆ ಬಂದೋಳು. ಆದರೂ ಕೇಳ್ತೀನಿ, ಸರಿಯಾಗಿರೋದನ್ನ ನೋಡೋಕೆ ಯಾರಾದರೂ ಇಷ್ಟು ಓದ್ತಾರಾ? ಈ ಬೀದಿಯಲ್ಲಿ ಕೆಟ್ಟಿರೋದನ್ನೇ ನೋಡ್ತಾ ಕೂತು ನನ್ನ ಕಣ್ಣು ಮಂಜಾಗಿದೆ, ಇನ್ನೂ ಅರ್ಧ ಬಾಕಿ ಇದೆ.

ಬಾಡಿಗೆಗೆ ಕೊಡುವಾಗ ಸಾಹುಕಾರ್ರು ಬಾಗಿಲಲ್ಲಿ ನಿಂತು ಬೆರಳು ಮಡಚಿ ಹೇಳಿದ್ದು ಇಡೀ ಬೀದಿಗೆ ಕೇಳಿಸಿತ್ತು. "ಮಾಂಸ ತರಂಗಿಲ್ಲ. ಮೊಟ್ಟೆ ತರಂಗಿಲ್ಲ. ಹೆಂಡ ತರಂಗಿಲ್ಲ. ಸೋಮವಾರ ಈರುಳ್ಳಿ ಒಗ್ಗರಣೆ ವಾಸನೆ ಮೇಲಕ್ಕೆ ಬರಂಗಿಲ್ಲ. ಒಂದು ತಪ್ಪಿದರೂ ಸಾಮಾನು ಬೀದಿಗೆ!" ಮೇಡಮ್ಮ ಎಲ್ಲದಕ್ಕೂ ಹೂಂ ಅಂದರು. ಮಾರನೇ ದಿನ ಗೂಡ್ಸ್ ಗಾಡಿಯಲ್ಲಿ ಬಟ್ಟೆ ಬೀರುವಿನಷ್ಟು ಎತ್ತರದ ಬಿಳೀ ಫ್ರಿಜ್ಜು ಬಂದು ಇಳೀತು. ಅದಕ್ಕೊಂದು ಬೀಗ ಬೇರೆ.

ಫ್ರಿಜ್ಜಿನಲ್ಲಿ ಏನಿಡ್ತಾರೆ ಅಂತ ನನಗೆ ಗೊತ್ತಾಗಿದ್ದು ಬಹಳ ದಿನದ ಮೇಲೆ. ನಿಮಗೆ ಈಗಲೇ ಹೇಳಿಬಿಡ್ತೀನಿ, ತಡ್ಕೊಳ್ಳೋಕೆ ಆಗಲ್ಲ. ಜನರ ಮಲ. ಹೌದು, ಅದೇ. ಡಬ್ಬಿ ಡಬ್ಬಿಯಲ್ಲಿ, ಮಂಜು ಕಟ್ಟಿಸಿ. ಅದರಲ್ಲೇ ಆ ಶಿಷ್ಯರಿಬ್ಬರ ಓದೆಲ್ಲ ಇತ್ತಂತೆ.

ಈಯಮ್ಮ ಸಾಹುಕಾರ್ರ ಒಂದು ಮಾತೂ ಮೀರಲಿಲ್ಲ. ಆ ಪಟ್ಟಿಯಲ್ಲಿ ಇದೊಂದು ಇರಲೇ ಇಲ್ಲವಲ್ಲ!

ಉದ್ದನೆ ಹುಡುಗ ಬಾಯಿ ಮುಚ್ಚಿಕೊಂಡಿದ್ದು

ಮೇಡಮ್ಮ ಸಂಜೆ ಹೊತ್ತು ಶಿಷ್ಯರಿಗೆ ಪಾಠ ಹೇಳ್ತಿದ್ದರು. ನಾನು ಗೋಡೆ ಈಚೆ ಸೊಪ್ಪು ಬಿಡಿಸುತ್ತಾ ಕೇಳ್ತಿದ್ದೆ.

"ಹೊಟ್ಟೆ ಕೊಯ್ಯೋದು ಸುಲಭ, ಹೊಟ್ಟೆ ವಿಷಯ ಕೇಳೋದು ಕಷ್ಟ. ಒಂದು ಪ್ರಶ್ನೆ ಕೇಳಿ, ಆಮೇಲೆ ಬಾಯಿ ಮುಚ್ಕೊಳ್ಳಿ. ಮಧ್ಯೆ ಮಾತಾಡಬೇಡಿ. ನಗಬೇಡಿ. ನಿಮಗೆ ಬೇಕಾದ ಉತ್ತರಾನ ಅವರ ಬಾಯಿಗೆ ತುರುಕಬೇಡಿ."

ಉದ್ದನೆ ಹುಡುಗ ಗುರುವಿನ ಮಾತನ್ನ ಗಂಟು ಹಾಕ್ಕೊಂಡು ಕುಬಟೂರಿಗೆ ಹೋದ. ಅಲ್ಲಿ ಒಬ್ಬ ಅಜ್ಜ ಹೊಟ್ಟೆ ಹಿಡ್ಕೊಂಡು ಕಟ್ಟೆ ಮೇಲೆ ಕೂತಿದ್ದ. ಹುಡುಗ ಪಕ್ಕ ಕೂತು ಕೇಳಿದ, "ಅಜ್ಜಾ, ಮಲಬದ್ಧತೆ ಯಾವಾಗಿಂದ?"

"ಅಣ್ಣ ಬೇರೆ ಆದಾಗಿಂದ ತಮಾ," ಅಂದ ಅಜ್ಜ.

ಹುಡುಗ ಬಾಯಿ ಮುಚ್ಚಿಕೊಂಡ. ಅಜ್ಜ ಶುರು ಮಾಡಿದ. ಹಿಸ್ಸೆ ಹೆಂಗಾಯ್ತು, ಪಹಣಿಯಲ್ಲಿ ಯಾರ ಹೆಸರು ಬಂತು, ಸರ್ವೆಯವನು ಸರಪಳಿ ಎಲ್ಲಿಂದ ಎಳೆದ, ಗದ್ದೆ ಬದು ವರ್ಷ ವರ್ಷ ಹೆಂಗೆ ಈಚೆಗೆ ಸರಿದುಕೊಂಡು ಬಂತು. ಬಿಸಿಲು ಏರಿತು, ಇಳೀತು. ಹುಡುಗ ಕಣ್ಣು ಮಿಟುಕಿಸದೆ ಕೂತಿದ್ದ. ಅಜ್ಜನ ಮಾತನ್ನ ಹೆಂಡತಿ ಕೇಳಿರಲಿಲ್ಲ, ಪಂಚಾಯ್ತಿಯವರು ಕೇಳಿರಲಿಲ್ಲ, ಸರ್ವೆಯವನಂತೂ ಬೈಕಿನಿಂದ ಇಳಿದೇ ಇರಲಿಲ್ಲ. ಇಷ್ಟು ವರ್ಷಕ್ಕೆ ಪೂರ್ತಿ ಕೇಳಿದೋನು ಇವನೊಬ್ಬನೇ.

ಮಾರನೇ ದಿನ ಮೊದಲ ಬಸ್ಸಿಗೆ ಅಜ್ಜ ನಮ್ಮ ಬೀದಿಗೇ ಬಂದ. ಜೊತೆಗೆ ಅಣ್ಣನನ್ನೂ ಎಳ್ಕೊಂಡು ಬಂದಿದ್ದ.

"ಇವರು ಓದಿದೋರು, ಮಧ್ಯೆ ಬಾಯಿ ಹಾಕಲ್ಲ. ನಿಂದೂ ಹೇಳು. ಇವರು ಎಂಥ ಹೇಳ್ತಾರೋ ಅದೇ ಆಗಲಿ," ಅಂದ.

ಅಣ್ಣನೂ ಹೇಳಿದ. ಹುಡುಗ ಅವನಿಗೂ ತಲೆ ಅಲ್ಲಾಡಿಸಿದ. ಹುಡುಗ ತನ್ನ ಕಡೆಗೇ ಒಪ್ಪಿದ ಅಂತ ತಮ್ಮ ಅಂದ್ಕೊಂಡ, ಇಲ್ಲ ತನ್ನ ಕಡೆಗೇ ಅಂತ ಅಣ್ಣ ಅಂದ್ಕೊಂಡ. ಇಬ್ಬರೂ ದೊಡ್ಡ ಮನಸ್ಸು ಮಾಡಿ ಬದು ನಡುವಿಗೆ ಹಾಕೋಣ ಅಂತ ಒಂದೇ ಆಟೋದಲ್ಲಿ ವಾಪಸ್ ಹೋದರು.

ವಾರ ಬಿಟ್ಟು ಮೇಡಮ್ಮ ಕೇಳಿದರು, "ಬದು ಬಿಡಪ್ಪ, ಆ ಅಜ್ಜನ ಹೊಟ್ಟೆ ಏನಾಯ್ತು?"

"ಬದು ಸರಿಯಾದ ಮಾರನೇ ಬೆಳಗ್ಗೆಯಿಂದ ಹೊಟ್ಟೆನೂ ಸರಿಯಾಗಿದೆಯಂತೆ ಮೇಡಂ," ಅಂದ ಹುಡುಗ. "ಆದರೆ ಇದನ್ನ ಯಾವ ಔಷಧಿ ಅಂತ ಬರೀಲಿ?"

ಖಾಲಿ ಡಬ್ಬಿ ಕೊಡೋ ಹಂಗಿಲ್ಲ

ಇದು ಕುಪ್ಪಗಡ್ಡೆ ಹುಡುಗಿ ಕಥೆ. ಅವಳ ಊರೇ ಅಲ್ವಾ, ಜನ ಒಪ್ತಾರೆ ಅಂತ ಮೇಡಮ್ಮ ಅವಳ ಕೈಯಲ್ಲಿ ಕೆಂಪು ಮುಚ್ಚಳದ ಬಿಳೀ ಡಬ್ಬಿಗಳನ್ನ ಕೊಟ್ಟು ಕಳಿಸಿದರು. ಮನೆ ಮನೆಗೆ ಒಂದು ಕೊಡಬೇಕು, ಏನು ತುಂಬಬೇಕು ಅಂತ ಹೇಳಬೇಕು, ಬೆಳಗ್ಗೆ ವಾಪಸ್ ತರಬೇಕು.

ಹುಡುಗಿ ಡಬ್ಬಿ ಕೊಟ್ಟಳು. ಏನು ತುಂಬಬೇಕು ಅನ್ನೋ ಮಾತು ಮಾತ್ರ ಗಂಟಲಲ್ಲೇ ಉಳೀತು. ಚಿಕ್ಕಮ್ಮ, ಅತ್ತೆ, ಅತ್ತೆಯ ಓರಗಿತ್ತಿ, ಎಲ್ಲರೂ ಎತ್ತಿ ಆಡಿಸಿದೋರು. ಅವರ ಮುಖ ನೋಡ್ಕೊಂಡು ಹೆಂಗೆ ಹೇಳ್ತಾಳೆ? "ನಾಳೆ ಬೆಳಗ್ಗೆ ಬಂದು ತಗೊಂಡು ಹೋಗ್ತೀನಿ ಚಿಕ್ಕಮ್ಮ," ಅಂತ ಅಷ್ಟೇ ಅಂದು ಓಡಿ ಬಂದಳು.

ನಮ್ಮ ಕಡೆ ಪದ್ಧತಿ ನಿಮಗೆ ಗೊತ್ತಲ್ಲ. ಇನ್ನೊಬ್ಬರ ಮನೆ ಡಬ್ಬಿ ಖಾಲಿ ವಾಪಸ್ ಕೊಡೋ ಹಂಗಿಲ್ಲ. ಏನಿಲ್ಲದಿದ್ದರೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಅದರಲ್ಲೂ ಓದಿ ಡಾಕ್ಟರಾದ ಮಗಳು ಕೊಟ್ಟ ಡಬ್ಬಿ!

ಬೆಳಗ್ಗೆ ಡಬ್ಬಿಗಳೆಲ್ಲ ನಮ್ಮ ಪಕ್ಕದ ಮನೆಗೆ ಬಂದವು. ಉದ್ದನೆ ಹುಡುಗ ಮೂಗಿಗೆ ಮಾಸ್ಕು, ಕೈಗೆ ಗ್ಲೌಸು ಹಾಕ್ಕೊಂಡು, ಉಸಿರು ಬಿಗಿಹಿಡಿದು ಮೊದಲನೇ ಡಬ್ಬಿ ಮುಚ್ಚಳ ತೆಗೆದ. ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿ. ಎರಡನೇದು ಚಟ್ನಿಪುಡಿ. ಮೂರನೇದು ಹುಣಸೆ ತೊಕ್ಕು. ಚಿಕ್ಕಮ್ಮನ ಡಬ್ಬಿಯಲ್ಲಿ ಘಮ್ಮೆನ್ನೋ ಹಸುವಿನ ತುಪ್ಪ.

ಮೇಡಮ್ಮ ನಕ್ಕು ನಕ್ಕು ನೆಲದ ಮೇಲೆ ಕೂತರು. ಆಮೇಲೆ ಕಣ್ಣೊರೆಸಿಕೊಂಡು ಗಂಟು ಮುಖ ಮಾಡಿದರು. "ಡಾಕ್ಟರಾದ ನೀನೇ ಒಂದು ಮಾತು ಹೇಳೋಕೆ ನಾಚಿಕೊಂಡರೆ, ರೋಗಿ ಯಾವ ಬಾಯಲ್ಲಿ ಹೇಳ್ತಾನೆ? ಹೋಗು. ಎಲ್ಲರಿಗೂ ಕೇಳೋ ಹಂಗೆ ಹೇಳಿ ಬಾ."

ಹುಡುಗಿ ಹೋದಳು. ಒಳಗೆ ಹೋಗೋಕೆ ಧೈರ್ಯ ಸಾಲದೆ ಅಂಗಳದಲ್ಲೇ ಕಣ್ಣು ಮುಚ್ಚಿ ನಿಂತು ಕೂಗಿದಳು, "ಚಿಕ್ಕಮ್ಮಾ, ನಂಗೆ ಬೇಕಾಗಿದ್ದು ಮಲ!"

ಕೊಟ್ಟಿಗೆಯಲ್ಲಿ ಹಾಲು ಕರೀತಿದ್ದ ಚಿಕ್ಕಪ್ಪ ಚೊಂಬು ಬಿಟ್ಟರಂತೆ. ಚಿಕ್ಕಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದಳು.

"ಅಯ್ಯೋ ಮಾರಾಯ್ತೀ, ಅಷ್ಟೇನಾ? ನಿನ್ನೆಯೇ ಹೇಳಿದ್ದರೆ ಮನೇಲಿದ್ದ ಬೆಣ್ಣೆಯೆಲ್ಲ ಯಾಕೆ ಕಾಯಿಸ್ತಿದ್ದೆ?"

ಆ ಮಿಡಿ ಉಪ್ಪಿನಕಾಯಿಯಲ್ಲಿ ಒಂದು ಡಬ್ಬಿ ಮೇಡಮ್ಮ ನನಗೂ ಕೊಟ್ಟರು. ಅಂಥ ಡಬ್ಬಿಯಲ್ಲಿ ಬಂದಿದ್ದನ್ನ ನಾನು ತಿಂತೀನಾ? ಹಂಗಂತ ಎಸೆಯೋಕೂ ಮನಸ್ಸು ಬರಲಿಲ್ಲ. ಮೇಲಿನ ಮನೆ ಸಾಹುಕಾರ್ರ ಹೆಂಡತಿಗೆ ಕೊಟ್ಟೆ. ತುಂಬಾ ಚೆನ್ನಾಗಿತ್ತಂತೆ, ಇನ್ನೂ ಇದೆಯಾ ಅಂತ ಕೇಳಿದರು.

ನೀಲಿ ಕೇಸರಿಬಾತ್

ಆಮೇಲೆ ನಮ್ಮ ಬೀದಿಯ ಸರದಿ ಬಂತು. ಮೇಡಮ್ಮ ಏನು ಮಾಡಿದರು ಗೊತ್ತಾ? ಕೇಸರಿಬಾತಿಗೆ ಕೇಸರಿ ಬಣ್ಣದ ಬದಲು ನೀಲಿ ಬಣ್ಣ ಹಾಕಿ ಮಾಡಿದರು. ನಾವು ಅದನ್ನ ತಿನ್ನಬೇಕು. ಆ ನೀಲಿ ಕೆಳಗೆ ಯಾವತ್ತು ಬರುತ್ತೆ ಅಂತ ನೋಡಬೇಕು. ಬಂದ ದಿನ ಒಂದು ಡಬ್ಬಿ ತುಂಬಿಸಿ ಕೊಡಬೇಕು. ಕರುಳು ಬೇಗ ನಡೆಯುತ್ತೋ ನಿಧಾನವೋ ಅಂತ ಅದರಲ್ಲಿ ತಿಳಿಯುತ್ತಂತೆ. ಡಬ್ಬಿ ಮೇಲೆ ಹೆಸರಿಲ್ಲ, ಬರೀ ನಂಬರು. ಯಾರು ಕೊಟ್ಟರು ಅಂತ ಮೇಡಮ್ಮ ಯಾರಿಗೂ ಹೇಳಲ್ಲ.

ಬೀದಿಯಲ್ಲಿ ನಿಂತು ಎಲ್ಲರೂ "ಥೂ, ಇದೇನ್ರೀ ಅಸಹ್ಯ" ಅಂದರು. ಹಿತ್ತಿಲ ಬಾಗಿಲಿಂದ ಒಬ್ಬೊಬ್ಬರೇ ಹೋಗಿ ತಿಂದು ಬಂದರು. ಪುಕ್ಕಟೆ ಕೇಸರಿಬಾತ್, ಅದರ ಮೇಲೆ ದೊಡ್ಡ ಡಾಕ್ಟರು ನಮ್ಮ ಹೊಟ್ಟೆ ನೋಡ್ತಾರೆ ಅಂದರೆ ಯಾರು ಬಿಡ್ತಾರೆ? ಡಬ್ಬಿಗಳು ಆ ದಿನವೇ ದೂರದ ಊರಿಗೆ ಹೋಗ್ತವೆ ಅಂತ ಎಲ್ಲರೂ ತಾವೇ ಅಂದ್ಕೊಂಡಿದ್ದರು.

ಮೇಡಮ್ಮ ಗುಟ್ಟು ಕಾಪಾಡಿದರು. ನಾಲಿಗೆಗಳು ಕಾಪಾಡಲಿಲ್ಲ. ಆ ನೀಲಿ ಬಣ್ಣ ಸಂಜೆಯಾದರೂ ನಾಲಿಗೆ ಬಿಡಲಿಲ್ಲ! ಆವತ್ತು ಸೋಮವಾರ, ಬಸವಣ್ಣನ ಗುಡಿಯಲ್ಲಿ ಭಜನೆ. ತಾಳ ಹಾಕೋರು ಹಾಕ್ತಿದಾರೆ, ಹಾಡೋರು ಮಾತ್ರ ತುಟಿ ಬಿಗಿಹಿಡಿದು ಮೂಗಲ್ಲೇ ಹೂಂ ಹೂಂ ಅಂತಿದಾರೆ. ಪ್ರತಿ ವಾರ ಮೈಕು ಬಿಡದ ಸಾಹುಕಾರ್ರು ಆವತ್ತು ಬರೀ ಕೈ ಮುಗಿದು ಕೂತಿದ್ದರು.

ನನಗೆ ತಡೆಯೋಕೆ ಆಗುತ್ತಾ? ಭಜನೆ ಮುಗಿದ ಮೇಲೆ ಮಂಡಕ್ಕಿ ಕೊಟ್ಟೆ, ಜೊತೆಗೆ ಒಂದು ಖಾರದ ಮೆಣಸಿನಕಾಯಿ ಬಜ್ಜಿ. ಸಾಹುಕಾರ್ರು ಕಚ್ಚಿದರು. "ಹಾ!" ಅಂತ ಬಾಯಿ ಬಿಟ್ಟರು. ನಾಲಿಗೆ ನೀಲಿ ಶಾಯಿಯಲ್ಲಿ ಅದ್ದಿ ತೆಗೆದ ಹಂಗಿತ್ತು.

"ಇದೇನ್ರೀ ಸಾಹುಕಾರ್ರೇ?"

"ನೇರಳೆ ಹಣ್ಣು."

"ಈ ಕಾಲದಲ್ಲಿ ನೇರಳೆ ಹಣ್ಣಾ?"

"ಎಲ್ಲಿ, ನಿಮ್ಮ ನಾಲಿಗೆ ತೋರಿಸಿ ನೋಡೋಣ."

"ನಾನೂ ಅದೇ ಮರದ್ದೇ ತಿಂದಿದ್ದು," ಅಂದು ಬಾಯಿ ಮುಚ್ಚಿಕೊಂಡೆ.

ನೋಡಿ, ನಾನು ತಿಂದಿದ್ದೆ ಅಂತ ನಿಮಗೆ ಮಾತ್ರ ಹೇಳ್ತಿದೀನಿ. ಮಂಗಳವಾರ, ಬುಧವಾರದ ಹೊತ್ತಿಗೆ ಬೀದಿಯ ಎಲ್ಲರದ್ದೂ ಮುಗೀತು. ನನ್ನದು ಮಾತ್ರ ಇಲ್ಲ. ಮೇಡಮ್ಮ ಬೆಳಗಾದರೆ ಗೋಡೆ ಮೇಲಿಂದ ಇಣುಕಿ "ಬಂತಾ ಅಜ್ಜಿ?" ಅನ್ನೋರು, ನಾನು "ಇನ್ನೂ ಇಲ್ಲ ಮೇಡಮ್ಮಾ" ಅನ್ನೋಳು. ಅದನ್ನ ಕೇಳಿಸಿಕೊಂಡ ಬೀದಿಯೋರು ನನ್ನ ಪಿಂಚಣಿ ನಿಂತಿದೆ ಅಂತ ಮರುಗಿದರು. ಸಾಹುಕಾರ್ರ ಹೆಂಡತಿ ಒಬ್ಬರಿಗೆ ಮಾತ್ರ, ಮಹಡಿ ಮೆಟ್ಟಿಲ ಹತ್ತಿರ ಸಿಕ್ಕಾಗ, ನಿಜ ಹೇಳಿ ಮನಸ್ಸು ಹಗುರ ಮಾಡ್ಕೊಂಡೆ. ಮನಸ್ಸಷ್ಟೇ ಹಗುರಾಗಿದ್ದು.

ಕೊನೆಗೆ ಶುಕ್ರವಾರ ಬಂತು. ಮೇಡಮ್ಮ ಕುಣಿಯೋದೊಂದು ಬಾಕಿ. "ಅಜ್ಜೀ, ಇಷ್ಟು ನಿಧಾನದ ಕರುಳು ನಮಗೆ ಇಲ್ಲಿವರೆಗೂ ಸಿಕ್ಕೇ ಇರಲಿಲ್ಲ!" ಅಂದರು. ಶಿಷ್ಯರಿಬ್ಬರೂ ಬಂದು ನಗ್ತಾ ಕೈ ಹಿಡ್ಕೊಂಡರು. ನಿಜ ಹೇಳ್ತೀನಿ, ನಾನು ಮಗಳನ್ನ ಹೆತ್ತಾಗಲೂ ಇಷ್ಟು ಜನ ಖುಷಿಪಟ್ಟಿರಲಿಲ್ಲ.

ಫ್ರಿಜ್ಜು ತಿರುಗಿದ್ದು

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಬಾಗಿಲು ನೋಡಿ, ಯಾರೂ ಇಲ್ಲ ತಾನೇ?

ಬೇಸಿಗೆ. ನನ್ನ ದೋಸೆ ಹಿಟ್ಟು ಬೆಳಗ್ಗೆಯೇ ಉಕ್ಕಿ ಬರ್ತಿತ್ತು. ಅಷ್ಟು ದೊಡ್ಡ ಫ್ರಿಜ್ಜಿದೆ, ಒಂದು ಪಾತ್ರೆಗೆ ಜಾಗ ಇರಲ್ವಾ ಅಂತ ಒಂದು ಬೆಳಗ್ಗೆ ಹೋದೆ. ಹೊರಗಿನ ಕೋಣೆಯಲ್ಲಿ ಯಾರೂ ಇಲ್ಲ. ಉದ್ದನೆ ಹುಡುಗ ಫ್ರಿಜ್ಜಿಗೆ ಬೀಗ ಹಾಕೋದು ಮರೆತಿದ್ದ. ತೆಗೆದೆ.

ಕೆಂಪು ಮುಚ್ಚಳದ ಬಿಳೀ ಡಬ್ಬಿಗಳು. ಸಾಲು ಸಾಲಾಗಿ, ಮೇಲಿಂದ ಕೆಳಗಿನವರೆಗೂ. ಎಲ್ಲೂ ಹೋಗಿಲ್ಲ! ನಮ್ಮ ಇಡೀ ಬೀದಿ ಅಲ್ಲಿ ಒಬ್ಬರ ಪಕ್ಕ ಒಬ್ಬರು ತಣ್ಣಗೆ ಕೂತಿತ್ತು. ಹೊರಗೆ ಒಂದು ದಿನವಾದರೂ ಅಷ್ಟು ಅನ್ಯೋನ್ಯವಾಗಿ ಕೂತಿದ್ದನ್ನ ನಾನು ಕಂಡಿಲ್ಲ.

ಅಷ್ಟರಲ್ಲಿ ಕುಪ್ಪಗಡ್ಡೆ ಹುಡುಗಿ ಬಂದು ನನ್ನ ಕೈ ಹಿಡ್ಕೊಂಡಳು. "ಅಜ್ಜೀ, ನಿಮ್ಮ ಕಾಲಿಗೆ ಬೀಳ್ತೀನಿ, ಯಾರಿಗೂ ಹೇಳಬೇಡಿ. ಸಾಹುಕಾರ್ರಿಗೆ ಗೊತ್ತಾದರೆ ಮನೆ ಬಿಡಿಸ್ತಾರೆ. ಪ್ಲಗ್ ಕಿತ್ತರೆ ಎಲ್ಲಾ ಕೆಟ್ಟು ಹೋಗುತ್ತೆ, ನಾವು ಮೊದಲಿಂದ ಶುರು ಮಾಡಬೇಕು. ಇದನ್ನ ಇಟ್ಕೊಂಡೋರಿಗೆ ಈ ಊರಲ್ಲಿ ಇನ್ಯಾರು ಮನೆ ಕೊಡ್ತಾರೆ?"

ಪಾಪ ಅನ್ನಿಸ್ತು. ಹಿಟ್ಟಿನ ಪಾತ್ರೆ ಮುಟ್ಟಿ ಆಣೆ ಮಾಡಿದೆ. "ನಾನಾ? ಯಾರಿಗೆ ಹೇಳ್ತೀನಿ ಮಗಳೇ?"

ಹೇಳಲೂ ಇಲ್ಲ. ಹೂವಿನೋಳಿಗೆ ಹೇಳಿದ್ದು ಲೆಕ್ಕಕ್ಕಿಲ್ಲ, ಅವಳು ಬೇರೆ ಬೀದಿಯೋಳು. ದರ್ಜಿ ಹೆಂಡತಿಗೆ ಪೂರ್ತಿ ಹೇಳಲಿಲ್ಲ, ಅವಳೇ ಕೆದಕಿ ಕೆದಕಿ ತಿಳ್ಕೊಂಡಳು. ಹಾಲಿನೋಳಿಗಂತೂ ಯಾರಿಗೂ ಹೇಳಬೇಡ ಅಂತ ಮೊದಲೇ ಹೇಳಿ ಆಮೇಲೆ ಹೇಳಿದ್ದು. ಇನ್ನೇನು ಮಾಡಬೇಕು?

ಆವತ್ತೇ ಮಧ್ಯಾಹ್ನ ಊಟಕ್ಕೆ ಎಲೆ ಹಾಕೋ ಹೊತ್ತಿಗೆ ಸಾಹುಕಾರ್ರು ಮಹಡಿಯಿಂದ ಧಡಧಡ ಇಳಿದು ಬಂದರು. ಹಿಂದೆ ಅವರ ಹೆಂಡತಿ, ಅವರ ಹಿಂದೆ ಬೀದಿ. ನಾನೂ ಹೋದೆ. ಏನು ಗಲಾಟೆ ಅಂತ ನೋಡಬೇಕಲ್ಲ.

"ನಮ್ಮಪ್ಪ ಲಿಂಗಪೂಜೆ ಮಾಡಿದ ಮನೆ ಇದು! ಇಲ್ಲಿ ಹೊಲಸು ತುಂಬಿಟ್ಟಿದೀರಾ? ಈಗಲೇ ಪ್ಲಗ್ ಕೀಳ್ತೀನಿ!" ಅಂತ ಸಾಹುಕಾರ್ರು ಫ್ರಿಜ್ಜಿನ ಹಿಂದೆ ಕೈ ಹಾಕೇಬಿಟ್ಟರು. ಹುಡುಗಿ ಫ್ರಿಜ್ಜಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು, ಕಣ್ಣಲ್ಲಿ ನೀರು. ಉದ್ದನೆ ಹುಡುಗ ಅಭ್ಯಾಸ ಬಲದಿಂದ ಬಾಯಿ ಮುಚ್ಚಿಕೊಂಡೇ ಇದ್ದ.

ಮೇಡಮ್ಮ ಕೈ ಒರೆಸಿಕೊಳ್ತಾ ಒಳಗಿಂದ ಬಂದರು. ಒಂದಿಷ್ಟೂ ಗಾಬರಿ ಇಲ್ಲ.

"ಕೀಳಿ ಸಾಹುಕಾರ್ರೇ. ನಿಮ್ಮ ಮನೆ, ನಿಮ್ಮ ಕರೆಂಟು. ಆದರೆ ಇದೆಲ್ಲ ನನ್ನದಲ್ಲ, ಜನ ನಂಬಿ ಕೊಟ್ಟಿದ್ದು. ಕೊಟ್ಟೋರಿಗೆ ವಾಪಸ್ ಕೊಟ್ಟೇ ಹೋಗ್ತೀನಿ. ಡಬ್ಬಿ ಮೇಲೆ ಹೆಸರಿಲ್ಲ, ಒಬ್ಬೊಬ್ಬರೇ ಮುಂದೆ ಬಂದು ನಿಮ್ಮ ನಿಮ್ಮ ನಂಬರು ಹೇಳಿ ತಗೊಳ್ಳಿ. ನಿಮ್ಮ ಕಡೆ ಡಬ್ಬಿ ಖಾಲಿ ವಾಪಸ್ ಕೊಡಂಗಿಲ್ಲ ಅಲ್ವಾ? ತುಂಬಿದ್ದೇ ಕೊಡ್ತೀನಿ."

ಅಂದು ಫ್ರಿಜ್ಜಿನ ಬಾಗಿಲು ಅಗಲಕ್ಕೆ ತೆಗೆದರು.

ಮುಂದೆ ಬಂದೋರೇ ಸಿಕ್ಕಿಬೀಳ್ತಾರೆ. ದರ್ಜಿ ಹೆಂಡತಿಗೆ ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಯ್ತು. ಹಾಲಿನೋಳಿಗೆ ಎಮ್ಮೆ ನೆನಪಾಯ್ತು. ಭಜನೆಯ ಗಂಡಸರು ಒಬ್ಬರ ಹಿಂದೆ ಒಬ್ಬರು ಚಪ್ಪಲಿ ಹುಡುಕಿಕೊಂಡು ಕರಗಿ ಹೋದರು. ಸಾಹುಕಾರ್ರು ಹೆಂಡತಿ ಮುಖ ನೋಡಿದರು. ಹೆಂಡತಿ ಗಂಡನ ಮುಖ ನೋಡಿದರು. ಒಂದೇ ಮನೆಯಿಂದ ಎರಡು ಡಬ್ಬಿ ಬಂದಿದೆ ಅಂತ ಆವತ್ತೇ ಇಬ್ಬರಿಗೂ ಗೊತ್ತಾಗಿದ್ದು.

ಸಾಹುಕಾರ್ರ ಕೈ ಮೆಲ್ಲಗೆ ಪ್ಲಗ್ಗಿನಿಂದ ಈಚೆ ಬಂತು.

"ವಿದ್ಯೆ ವಿಷಯಕ್ಕೆ ನಾನು ಯಾವತ್ತೂ ಅಡ್ಡ ಬರೋನಲ್ಲ ಮೇಡಂ. ಒಂದೇ ಮಾತು. ಫ್ರಿಜ್ಜಿನ ಮುಖ ದೇವರ ಮನೆ ಕಡೆಗೆ ಇರಬಾರದು."

ಉದ್ದನೆ ಹುಡುಗ ಒಂದು ಕಡೆ ಹಿಡಿದ, ಇನ್ನೊಂದು ಕಡೆ ಸಾಹುಕಾರ್ರೇ ಕೈ ಕೊಟ್ಟು ತಿರುಗಿಸಿದರು. "ಮೆಲ್ಲಗೆ, ಮೆಲ್ಲಗೆ, ಒಳಗಿಂದು ಅಲ್ಲಾಡಬಾರದು," ಅಂತ ಎಚ್ಚರಿಕೆ ಬೇರೆ! ಹುಡುಗಿ ಅಳ್ತಾ ಅಳ್ತಾ ನಗೋಕೆ ಶುರು ಮಾಡಿದಳು.

ಎಲ್ಲಾ ಸುಖಾಂತ್ಯ ಆಯ್ತು ಅಂತ ನಾನೂ ಸದ್ದಿಲ್ಲದೆ ಮೆಟ್ಟಿಲಿಳೀತಿದ್ದೆ. ಸಾಹುಕಾರ್ರ ಹೆಂಡತಿ ಬಂದು ದಾರಿಗೆ ಅಡ್ಡ ನಿಂತರು.

"ಇದನ್ನ ಊರಿಗೆಲ್ಲ ಹಬ್ಬಿಸಿದ್ದು ಯಾರು ದೊಡ್ಡಮ್ಮ?"

"ನನಗೇನಮ್ಮಾ ಗೊತ್ತು? ನಾನು ಯಾರ ಹತ್ತಿರವೂ ತುಟಿ ಬಿಚ್ಚಿಲ್ಲ."

ಅವರು ನನ್ನನ್ನ ಮೇಲಿಂದ ಕೆಳಗೆ ನೋಡಿದರು. ಕೊನೆಗೆ ಕಣ್ಣು ನನ್ನ ಹೊಟ್ಟೆ ಮೇಲೆ ನಿಲ್ಲಿಸಿ, ಮುಖಕ್ಕೆ ಹೊಡೆದ ಹಂಗೆ ಅಂದರು:

"ಅಲ್ಲಾ ದೊಡ್ಡಮ್ಮ, ಸೋಮವಾರ ತಿಂದ ಕೇಸರಿಬಾತನ್ನ ಶುಕ್ರವಾರದವರೆಗೂ ಹೊಟ್ಟೆಯಲ್ಲಿ ಭದ್ರವಾಗಿ ಇಟ್ಕೊಂಡೋರು ನೀವು. ಬೆಳಗ್ಗೆ ಕಂಡಿದ್ದೊಂದನ್ನ ಮಧ್ಯಾಹ್ನದ ಊಟದವರೆಗಾದರೂ ಇಟ್ಕೊಳ್ಳೋಕೆ ಆಗಲಿಲ್ವಾ?"